ನಾಲ್ಕನೇ ಮಹಡಿಯ ಅರ್ಜಿ

ನಮ್ಮ ಲಿಫ್ಟ್ ಮೆಕ್ಯಾನಿಕ್ ಹೆಂಡತಿ, ಇಬ್ಬರು ಮಕ್ಕಳು ಮತ್ತು ಅತ್ತೆಯನ್ನು ಕಟ್ಟಿಕೊಂಡು ಪರದೇಶದ ಆ ಊರಿಗೆ ಬಂದಿಳಿದು ಮೂರು ತಿಂಗಳಾಗಿತ್ತು. ಈ ಮೂರು ತಿಂಗಳಲ್ಲಿ ಅವನು ಅಲ್ಲಿನ ಭಾಷೆಯ ನಾಲ್ಕು ಮಾತು ಕಲಿತಿದ್ದ: ಹೌದು, ಆಯಿತು, ಬಹಳ ಚೆನ್ನಾಗಿದೆ, ಧನ್ಯವಾದ. ನಾಲ್ಕೇ ಮಾತು ಇಟ್ಟುಕೊಂಡು ಒಬ್ಬ ಸಂಸಾರಸ್ಥ ಎಷ್ಟು ದೂರ ಹೋಗಬಹುದು ಎಂದು ನೀವು ಕೇಳಿದರೆ, ಬೀದಿಗೆ ಬೀಳುವಷ್ಟು ದೂರ ಎಂದು ಧಾರಾಳವಾಗಿ ಹೇಳಬಹುದು.

ಕೆಲಸದಲ್ಲಿ ಅವನಿಗೆ ತೊಂದರೆಯಿರಲಿಲ್ಲ. ಲಿಫ್ಟು ಯಾವ ದೇಶದಲ್ಲಾದರೂ ಹತ್ತುತ್ತದೆ, ಇಳಿಯುತ್ತದೆ, ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ. ಮೇಸ್ತ್ರಿ ಬೆರಳು ತೋರಿಸಿದ ಕಡೆ ಸ್ಪ್ಯಾನರ್ ಹಾಕಿದರೆ ಮುಗಿಯಿತು. ತೊಂದರೆಯೆಲ್ಲ ಅವನೇ ಕೈಯಾರೆ ತಂದುಕೊಂಡದ್ದು. ಹೊರಡುವ ಮುಂಚೆ, ನೆಂಟರೆಲ್ಲ ಸುತ್ತ ಕೂತಿದ್ದಾಗ, ಅತ್ತೆ ಒಂದು ಪ್ರಶ್ನೆ ಎತ್ತಿದ್ದರು.

"ಅಲ್ಲಿನ ಭಾಷೆ ಗೊತ್ತಿಲ್ದೆ ಹೋಗಿ ಏನ್ ಮಾಡ್ತೀರಿ ಅಳಿಯಂದಿರೇ?"

"ಭಾಷೆ ಏನ್ ಮಹಾ ಅತ್ತೆ. ಪುಸ್ತಕ ತರಿಸಿ ಆಗ್ಲೇ ಕಲಿತಾಯ್ತು," ಎಂದುಬಿಟ್ಟ.

ಪುಸ್ತಕ ತರಿಸಿದ್ದು ನಿಜ. ಮೇಲೆ ಹೇಳಿದ ನಾಲ್ಕು ಮಾತುಗಳು ಅದರ ಎರಡನೇ ಪುಟದಲ್ಲಿದ್ದವು. ಮೂರನೇ ಪುಟಕ್ಕೆ ಹೋಗಲು ಅವನಿಗೆ ಪುರಸೊತ್ತಾಗಲಿಲ್ಲ.

ಹಾಗಾಗಿ ಮನೆಗೆ ಬಂದ ಕಾಗದವೆಲ್ಲ ಅವನ ಮುಂದೆ ಬಂದು ಬೀಳುತ್ತಿತ್ತು. ಅವನು ಕನ್ನಡಕ ಹಾಕಿಕೊಳ್ಳುತ್ತಿದ್ದ, ಕಾಗದವನ್ನು ಬೆಳಕಿಗೆ ಹಿಡಿಯುತ್ತಿದ್ದ, ಎರಡು ಸಲ "ಹ್ಞೂಂ" ಎನ್ನುತ್ತಿದ್ದ, ಮಧ್ಯೆ ಒಮ್ಮೆ ಹುಬ್ಬು ಗಂಟಿಕ್ಕುತ್ತಿದ್ದ, ಕೊನೆಗೆ ಕೆಳಗೆ ಗೆರೆ ಕಂಡಲ್ಲಿ ಸಹಿ ಜಡಿಯುತ್ತಿದ್ದ. ಒಂಬತ್ತು ವರ್ಷದ ಮಗಳು ಅಲ್ಲಿನ ಶಾಲೆಗೆ ಹೋಗಿ ಮಾತು, ಅಕ್ಷರ ಎಲ್ಲ ಕಲಿಯುತ್ತಿದ್ದಳು. "ಅಪ್ಪಾ, ನಾನು ಓದ್ಲಾ?" ಎಂದು ಎರಡು ಮೂರು ಸಲ ಕೇಳಿದಳು. "ದೊಡ್ಡೋರ ಕಾಗದ ಅದು, ನೀನು ಹೋಂವರ್ಕ್ ಮಾಡು," ಎಂದು ಗದರಿ ಕಳಿಸಿದ. ಹೆಂಡತಿ ಮಾತ್ರ ಫೋನಿನಲ್ಲಿ ತಂಗಿಗೆ, "ನಿಮ್ಮ ಭಾವ ಇಲ್ಲಿ ಸರ್ಕಾರಿ ಕಾಗದಾನೂ ಒಂದೇ ಉಸಿರಿಗೆ ಓದ್ತಾರೆ ಕಣೇ," ಎಂದು ಹೇಳಿಕೊಂಡು ಬೀಗುತ್ತಿದ್ದಳು. ಅವಳು ನಿಜವಾಗಿ ನಂಬಿದ್ದಳು, ಪಾಪ.

ಇನ್ನು ಆ ಮೇಜಿನ ವಿಷಯ. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಐದು ಜನ. ಮುಂದಿನ ಕೋಣೆಯ ನಟ್ಟನಡುವೆ ಮಾಲೀಕರು ಬಿಟ್ಟುಹೋದ ಒಂದು ಮರದ ಮೇಜು. ನಾಲ್ಕು ಜನ ಎತ್ತಿದರೂ ಮಿಸುಕುವುದಿಲ್ಲ, ಎಳೆದರೆ ಮಾತ್ರ ಬರುತ್ತದೆ. ಸಂಜೆ ಊಟ ಮುಗಿದ ಕೂಡಲೇ ಅದನ್ನು ಗೋಡೆಗೆ ಎಳೆದು, ಮಡಿಸುವ ಮಂಚ ಬಿಚ್ಚಿ ಹಾಸಿಗೆ ಹಾಸಬೇಕು. ಬೆಳಿಗ್ಗೆ ಐದಕ್ಕೆ ಮಂಚ ಮಡಿಸಿ, ಮೇಜನ್ನು ಮತ್ತೆ ನಡುವಿಗೆ ಎಳೆಯಬೇಕು.

"ನೆಲದ ಮೇಲೆ ಕೂತು ತಿಂದ್ರೆ ಆಗಲ್ವೇನ್ರೀ?" ಎಂದು ಹೆಂಡತಿ ಕೇಳಿದ್ದಳು.

"ಇಲ್ಲಿನೋರ ಹಾಗೆ ಬದುಕೋದು ಕಲಿ. ಮೇಜಿನ ಮುಂದೆ ಕೂತೇ ತಿನ್ಬೇಕು," ಎಂದು ಅವನು ಕಟ್ಟುನಿಟ್ಟು ಮಾಡಿದ್ದ. ಇಲ್ಲಿನವರ ಹಾಗೆ ಬದುಕಲು ಹೋಗಿ ಇಲ್ಲಿನವರಲ್ಲಿ ಒಬ್ಬರ ನಿದ್ದೆಯನ್ನು ದಿನಾ ಬೆಳಿಗ್ಗೆ ಐದಕ್ಕೆ ಹಾಳು ಮಾಡುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ. ಎರಡು ಮಹಡಿ ಆಚೆ ಲಿಫ್ಟಿನ ಬೇರಿಂಗು ಕಿರುಗುಟ್ಟಿದರೆ ಕೇಳಿಸುವ ಕಿವಿಗೆ ತನ್ನ ಮನೆಯ ಮೇಜು ಕೇಳಿಸುತ್ತಿರಲಿಲ್ಲ.

ಆ ಒಬ್ಬರು ಸರಿಯಾಗಿ ಕೆಳಗಿನ ಮನೆಯಾಕೆ. ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತಿಯಾದವರು. ಅವರು ಜಗಳ ಕಾಯಲಿಲ್ಲ, ಬಾಗಿಲು ಬಡಿಯಲಿಲ್ಲ. ಕೋರ್ಟಿನವರು ಮಾಡುವುದನ್ನೇ ಮಾಡಿದರು. ಒಂದು ಅರ್ಜಿ ಟೈಪ್ ಮಾಡಿ, ಕೆಳಗೆ ತಮ್ಮ ಸಹಿ ಹಾಕಿ, ಮಿಕ್ಕವರ ಸಹಿಗೆ ಜಾಗ ಬಿಟ್ಟು, ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಬೋರ್ಡಿಗೆ ಸಿಕ್ಕಿಸಿದರು.

ಮೆಕ್ಯಾನಿಕ್ ಕೆಲಸದಿಂದ ಬಂದವನು ಅದನ್ನು ನೋಡಿದ. ಕನ್ನಡಕ ಹಾಕಿಕೊಂಡ. ಅಕ್ಷರಗಳು ಗೊತ್ತಾಗದಿದ್ದರೂ ಅಂಕಿಗಳು ಗೊತ್ತಾದವು: ಒಂದು ನಾಲ್ಕು, ಒಂದು ಐದು. ಕಾಗದ ಇರುವುದು ಲಿಫ್ಟಿನ ಪಕ್ಕ. ಲಿಫ್ಟು ನಾಲ್ಕನೇ ಮಹಡಿಯಲ್ಲಿ ಜಗ್ಗುವುದು ಅವನಿಗೆ ಬಂದ ದಿನದಿಂದ ಗೊತ್ತು. ಐದು ಗಂಟೆಗೆ ಜಗ್ಗುವುದು ಜಾಸ್ತಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಲಿಫ್ಟ್ ರಿಪೇರಿಗೆ ಅರ್ಜಿ. ಯಾರೋ ಬುದ್ಧಿವಂತರು ಟೈಪ್ ಮಾಡಿದ್ದಾರೆ, ಸಾಲು ಎಷ್ಟು ನೆಟ್ಟಗಿದೆ, ಎಂದು ಮೆಚ್ಚಿಕೊಂಡು ಎರಡನೇ ಸಹಿ ಅವನೇ ಹಾಕಿದ.

ಒಂದು ವಾರ ಕಳೆದರೂ ಮೂರನೇ ಸಹಿ ಬೀಳಲಿಲ್ಲ. ಅವನ ವೃತ್ತಿಯ ಅಭಿಮಾನ ಕೆರಳಿತು. ಇಷ್ಟು ದೊಡ್ಡ ಕಟ್ಟಡದಲ್ಲಿ ಲಿಫ್ಟಿನ ಬಗ್ಗೆ ಒಬ್ಬರಿಗೂ ಕಾಳಜಿ ಇಲ್ಲವೇ? ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೋರ್ಡಿನಿಂದ ಕಾಗದ ಬಿಚ್ಚಿ, ಮನೆಮನೆಗೆ ಹೊರಟ.

ಮೊದಲು ಎರಡನೇ ಮಹಡಿಯ ಬಸ್ ಡ್ರೈವರ್. ಕಾಗದ ಓದಿದ. ಇವನ ಮುಖ ನೋಡಿದ. ಮತ್ತೆ ಓದಿದ. ಕಾಗದದಲ್ಲಿ ನಾಲ್ಕರ ಮೇಲೆ ಬೆರಳಿಟ್ಟು, ಆ ಬೆರಳನ್ನು ನಿಧಾನವಾಗಿ ಇವನ ಎದೆಗೆ ತಿರುಗಿಸಿದ.

"ಹೌದು," ಎಂದ ಮೆಕ್ಯಾನಿಕ್ ಹೆಮ್ಮೆಯಿಂದ. ನಾಲ್ಕನೇ ಮಹಡಿಯವನು ತಾನೇ.

ಡ್ರೈವರ್ ಬಾಗಿಲಿಗೆ ಒರಗಿ ನಿಂತುಬಿಟ್ಟ. ಎಷ್ಟೋ ವರ್ಷದ ಸರ್ವಿಸ್ಸಿನಲ್ಲಿ, ನನ್ನನ್ನು ಬಸ್ಸಿನಿಂದ ಆಚೆ ದಬ್ಬಿ ಎಂದು ಕೇಳಿಕೊಂಡ ಪ್ರಯಾಣಿಕ ಅವನಿಗೆ ಸಿಕ್ಕಿರಲಿಲ್ಲ. ಪಾಪ, ಆ ಗೂಡಿನಂಥ ಮನೆಯಲ್ಲಿ ಐದು ಜನ, ಬಿಡಿಸಿಕೊಂಡರೆ ಸಾಕಾಗಿದೆಯೇನೋ ಎಂದುಕೊಂಡು ಸಹಿ ಹಾಕಿ, ಮೆಕ್ಯಾನಿಕ್ಕಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅದುಮಿದ.

ಸುದ್ದಿ ಅವನಿಗಿಂತ ಮುಂದೆ ಮೆಟ್ಟಿಲು ಹತ್ತಿತು. ಐದನೇ ಮಹಡಿಯ ಬೇಕರಿಯಾಕೆ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಆರನೇ ಮಹಡಿಯ ಚಪ್ಪಲಿ ಅಂಗಡಿಯವನು ಒಳಗೆ ಹೋಗಿ ಆರು ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಇವನ ಕೈಗೆ ಕೊಟ್ಟ. "ಧನ್ಯವಾದ," ಎಂದ ಮೆಕ್ಯಾನಿಕ್, ಯಾಕೆಂದು ಗೊತ್ತಿಲ್ಲದಿದ್ದರೂ. ಮಧ್ಯಾಹ್ನದ ಹೊತ್ತಿಗೆ ಅವನ ಸಹಿ ಬಿಟ್ಟು ಇಪ್ಪತ್ತೆರಡು ಸಹಿ ಬಿದ್ದಿದ್ದವು. ಕೆಳಮನೆಯಾಕೆ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡಿ, ಕುರ್ಚಿ ಎಳೆದುಕೊಂಡು ಕೂತರಂತೆ. ಆರೋಪಿಯೇ ಅರ್ಜಿ ಹೊತ್ತು ತಿರುಗಿದ್ದನ್ನು ಅವರು ಕೋರ್ಟಿನಲ್ಲೂ ಕಂಡಿರಲಿಲ್ಲ.

ಸೋಮವಾರ ಅವನು ಅರ್ಜಿಯನ್ನು ಕಟ್ಟಡದ ಮ್ಯಾನೇಜರಿಗೆ ಸ್ವತಃ ಒಪ್ಪಿಸಿದ. ಮ್ಯಾನೇಜರ್ ಓದಿ, ಕಪಾಟಿನಿಂದ ಬಾಡಿಗೆ ಕರಾರು ತೆಗೆದು, ಅದರಲ್ಲಿನ ಫೋಟೋ ನೋಡಿ, ಎದುರಿಗಿರುವ ಮುಖ ನೋಡಿ, ಪಕ್ಕದ ಕೋಣೆಯಿಂದ ಗುಮಾಸ್ತೆಯನ್ನು ಸಾಕ್ಷಿಗೆ ಕರೆದ. ಏನೋ ಕೇಳಿದ. "ಹೌದು." ಇನ್ನೇನೋ ಕೇಳಿದ, ದನಿ ತಗ್ಗಿಸಿ. "ಬಹಳ ಚೆನ್ನಾಗಿದೆ." ಕ್ಯಾಲೆಂಡರಿನಲ್ಲಿ ತಿಂಗಳ ಕೊನೆಯ ದಿನ ತೋರಿಸಿದ. "ಆಯಿತು. ಧನ್ಯವಾದ." ಮ್ಯಾನೇಜರ್ ಎದ್ದು ನಿಂತು ಕೈಕುಲುಕಿದ. ಗುಮಾಸ್ತೆ ಬಾಯಿ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಮೂರು ದಿನದಲ್ಲಿ ಅಂಚೆಯಲ್ಲಿ ಒಂದು ಪತ್ರ ಬಂತು, ಜೊತೆಗೆ ಅರ್ಜಿಯ ಪ್ರತಿ. ಕನ್ನಡಕ, ಬೆಳಕು, ಎರಡು ಹ್ಞೂಂ ಆದವು.

"ತಿಂಗಳ ಕೊನೇಲಿ ಲಿಫ್ಟ್ ರಿಪೇರಿ ಮಾಡಿಸ್ತಾರಂತೆ. ನನ್ನ ಹೆಸರು ಹಾಕಿ ಹೊಗಳಿದ್ದಾರೆ," ಎಂದ.

"ಹಾಗಿದ್ರೆ ಎಲ್ರೂ ನಮಗೆ ಪೆಟ್ಟಿಗೆ ಯಾಕೆ ಕೊಡ್ತಿದ್ದಾರೆ?" ಎಂದಳು ಹೆಂಡತಿ. ಬಾಗಿಲ ಹಿಂದೆ ಅಷ್ಟೊತ್ತಿಗೆ ಹದಿನಾಲ್ಕು ಪೆಟ್ಟಿಗೆ ಸೇರಿದ್ದವು, ಮೇಲೆ ಎರಡು ಉಂಡೆ ಹಗ್ಗ. ನಾಲ್ಕು ವರ್ಷದ ಮಗ ಅದರೊಳಗೆ ಹೊಕ್ಕು ಮನೆ ಮಾಡಿಕೊಂಡಿದ್ದ.

"ಇಲ್ಲಿ ಹೊಸಬರಿಗೆ ಹೀಗೇ ಕೊಡ್ತಾರೆ. ಪದ್ಧತಿ."

"ಬೇಕರಿಯಾಕೆ ನನ್ನ ತಬ್ಬಿಕೊಂಡು ಅತ್ಳು ಕಣ್ರೀ."

"ಮೃದು ಸ್ವಭಾವ," ಎಂದ ಮೆಕ್ಯಾನಿಕ್.

ಮುಂದಿನ ಮಂಗಳವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಗಂಡ ಹೆಂಡತಿ ಇಬ್ಬರು, ಕೈಯಲ್ಲಿ ಅಳತೆ ಟೇಪು, ನೋಟ್‌ಬುಕ್ಕು. ಮೆಕ್ಯಾನಿಕ್ಕಿನ ಮುಖ ಅರಳಿತು. "ಲಿಫ್ಟ್ ಕಂಪನಿಯ ಇನ್ಸ್‌ಪೆಕ್ಟರುಗಳು," ಎಂದು ಮನೆಯವರಿಗೆ ಪಿಸುಗುಟ್ಟಿ, "ಲಿಫ್ಟಿನ ಅದುರಾಟ ಮನೆಯೊಳಗೆ ಎಷ್ಟು ಬರುತ್ತೆ ಅಂತ ನೋಡೋಕೆ ಬಂದಿದ್ದಾರೆ. ಟೀ ಇಡು," ಎಂದ.

ಅವರಿಗೆ ಅವನೇ ಇಡೀ ಮನೆ ತೋರಿಸಿದ. ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬಿಟ್ಟು, "ಬಹಳ ಚೆನ್ನಾಗಿದೆ," ಎಂದ. ಕಪಾಟಿನ ಬಾಗಿಲು ತೆಗೆದು ಹಾಕಿ ತೋರಿಸಿದ. ಆ ಹೆಂಗಸು ಕಿಟಕಿಗೆ ಟೇಪು ಹಿಡಿದಾಗ ಇನ್ನೊಂದು ತುದಿ ತಾನೇ ಹಿಡಿದುಕೊಂಡ. ಅವರು ಏನೇ ಕೇಳಿದರೂ ಹೌದು. ಟೀ ಕುಡಿದು, ಎಲ್ಲರಿಗೂ ಬಾಗಿ ವಂದಿಸಿ ಹೊರಟುಹೋದರು.

ಅತ್ತೆ ಮೂಲೆಯ ಮಂಚದ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಬಾಯಿ ಬಿಟ್ಟರು.

"ಅಳಿಯಂದಿರೇ, ಇಲ್ಲಿ ಲಿಫ್ಟಿಗೆ ಪರದೆ ಹಾಕ್ತಾರಾ?"

"ಯಾಕತ್ತೆ?"

"ಆಕೆ ಕಿಟಕಿ ಅಳತೆ ತಗೊಂಡ್ಳು. ಬಚ್ಚಲು ನೋಡಿ ಮೂಗು ಮುರಿದ್ಳು. ಆಮೇಲೆ ಗಂಡನ ಮುಖ ನೋಡಿ, ಹೋಗ್ಲಿ ಪರವಾಗಿಲ್ಲ ಅನ್ನೋ ಹಾಗೆ ತಲೆ ಆಡಿಸಿದ್ಳು. ಮದುವೆಯಾದಾಗಿಂದ ನಾನು ಹನ್ನೊಂದು ಬಾಡಿಗೆ ಮನೆ ನೋಡಿದ್ದೀನಿ. ಅದು ಮನೆ ನೋಡೋರು ತಲೆ ಆಡಿಸೋ ರೀತಿ."

ಹೆಂಡತಿ ಹೋಗಿ ಅರ್ಜಿಯ ಪ್ರತಿ, ಮ್ಯಾನೇಜರನ ಪತ್ರ ಎರಡನ್ನೂ ತಂದು ಮಗಳ ಮುಂದೆ ಹಿಡಿದಳು. "ಓದು ಪುಟ್ಟಿ."

ಮಗಳು ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. "ನಾಲ್ಕನೇ ಮಹಡಿ... ಹೊಸದಾಗಿ ಬಂದಿರೋ ಸಂಸಾರ... ದಿನಾ ಬೆಳಿಗ್ಗೆ ಐದು ಗಂಟೆಗೆ... ಸಾಮಾನು ಎಳೆಯೋ ಸದ್ದು... ಮನೆ ಬಿಡಿಸಬೇಕು." ಅರ್ಜಿ ಬಿಟ್ಟು ಪತ್ರ ತೆಗೆದಳು. "ತಿಂಗಳ ಕೊನೇ ದಿನ ಬೀಗದಕೈ ಕೊಡಬೇಕು. ನೀವಾಗೇ ಒಪ್ಪಿದ್ದಕ್ಕೆ ಧನ್ಯವಾದ." ಆಮೇಲೆ ಮತ್ತೆ ಅರ್ಜಿಯ ಮೇಲೆ ಬೆರಳಿಟ್ಟು, "ಅಪ್ಪಾ, ಇಲ್ಲಿ ನಿನ್ನ ಸಹಿ ಇದೆ. ಎರಡನೇದು," ಎಂದಳು.

ಲಿಫ್ಟಿನ ಹಗ್ಗ ಹರಿದರೆ ಹೇಗಿರುತ್ತದೆಂದು ಮೆಕ್ಯಾನಿಕ್ಕಿಗೆ ಇಷ್ಟು ವರ್ಷ ಲೆಕ್ಕದಲ್ಲಿ ಮಾತ್ರ ಗೊತ್ತಿತ್ತು, ಈಗ ಅನುಭವಕ್ಕೂ ಬಂತು. ಹೆಂಡತಿಗೆ ಮನೆ ಹೋಗುವುದಕ್ಕಿಂತ ದೊಡ್ಡ ಆಘಾತ ಬೇರೆಯೇ ಆಗಿತ್ತು.

"ನಿಮಗೆ ಓದೋಕೆ ಬರಲ್ವಾ?" ಎಂದಳು ಮೆಲ್ಲಗೆ.

ಅವನು ಕನ್ನಡಕ ತೆಗೆದು ಒರೆಸಿದ.

ಮರುದಿನ ಬುಧವಾರ ಇಡೀ ಸಂಸಾರ ಮ್ಯಾನೇಜರನ ಆಫೀಸಿನಲ್ಲಿ ನಿಂತಿತ್ತು. ಮಗಳು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಸಾಗಿಸುತ್ತಿದ್ದಳು.

"ಅಪ್ಪಾ, ಇವರು ಹೇಳ್ತಿದ್ದಾರೆ, ಇಷ್ಟು ಸಹಕಾರ ಕೊಟ್ಟ ಬಾಡಿಗೆದಾರರನ್ನ ಜನ್ಮದಲ್ಲಿ ನೋಡಿಲ್ವಂತೆ. ಈಗ ಆ ಟೇಪಿನವರಿಗೆ ಮನೆ ಅಂತ ಹೇಳಾಗಿದೆ. ಸಹಿ ಹಾಕಿದ ಇಪ್ಪತ್ತೆರಡು ಜನಾನೂ ಬರೆದುಕೊಟ್ಟು ವಾಪಸ್ ತಗೊಂಡ್ರೆ ಮಾತ್ರ ಆಗುತ್ತಂತೆ. ಶುಕ್ರವಾರ ಸಂಜೆ ನಾಲ್ಕು ಗಂಟೆ ಒಳಗೆ."

ಮನೆ ಹೋದರೆ ಮನೆಯೊಂದೇ ಹೋಗುವುದಿಲ್ಲ. ಮಗಳ ಶಾಲೆ ಆ ವಿಳಾಸದ ಮೇಲೆ, ಐದೂ ಜನರ ವಾಸದ ಪರವಾನಗಿ ಆ ವಿಳಾಸದ ಮೇಲೆ. ವಿಳಾಸವಿಲ್ಲದವರಿಗೆ ಆ ದೇಶ ಕೊಡುವ ಒಂದೇ ವಸ್ತು ವಾಪಸ್ ಹೋಗುವ ವಿಮಾನದ ಸೀಟು.

"ಪುಟ್ಟೀನ ಕರ್ಕೊಂಡು ಹೋಗ್ತೀನಿ, ಅವಳೇ ಎಲ್ರಿಗೂ ಹೇಳಲಿ," ಎಂದ ಮೆಕ್ಯಾನಿಕ್.

"ಆಗಲ್ಲ," ಎಂದಳು ಹೆಂಡತಿ. "ಸಹಿ ಹಾಕ್ಸಿದ್ದು ನೀವು. ಹೇಳೋದೂ ನೀವೇ. ಕಲಿತ್ಕೊಳ್ಳಿ."

ಹಾಗೆ ಅವನು ಮಗಳ ಮುಂದೆ ಕೂತು, ಜೀವಮಾನದಲ್ಲಿ ಯಾವ ಭಾಷೆಯಲ್ಲೂ ಆಡದ ಒಂದು ಮಾತನ್ನು ಆ ಭಾಷೆಯಲ್ಲಿ ಕಲಿತ: "ಕ್ಷಮಿಸಿ, ನನಗೆ ಓದಲು ಬರುವುದಿಲ್ಲ. ಕಾಗದದಲ್ಲಿ ಏನಿತ್ತು ಎಂದು ನನಗೆ ಗೊತ್ತಿರಲಿಲ್ಲ." ಮಗಳು ಬಿಡಲಿಲ್ಲ. ನಾಲಿಗೆ ಎಲ್ಲಿಡಬೇಕು, ಎಲ್ಲಿ ಉಸಿರು ಎಳೆಯಬೇಕು ಎಂದು ತಿದ್ದಿ ತಿದ್ದಿ, ತಪ್ಪಿದಾಗಲೆಲ್ಲ, "ದೊಡ್ಡೋನಾಗಿ ಇಷ್ಟೂ ಬರಲ್ವಾ?" ಎಂದು ಗದರಿದಳು.

ಬಸ್ ಡ್ರೈವರ್ ಆ ಮಾತು ಕೇಳಿ ಮೊದಲು ನಂಬಲಿಲ್ಲ, ಆಮೇಲೆ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ, ಬರೆದುಕೊಟ್ಟ. ಬೇಕರಿಯಾಕೆಗೆ ತಾನು ಸುರಿಸಿದ ಕಣ್ಣೀರು ದಂಡವಾಯಿತೆಂದು ಸ್ವಲ್ಪ ಸಿಟ್ಟು ಬಂತು. ಚಪ್ಪಲಿ ಅಂಗಡಿಯವನು ಸಹಿ ಹಾಕಿ ಆರೂ ಪೆಟ್ಟಿಗೆ ವಾಪಸ್ ಕೇಳಿದ. ಒಂದೊಂದು ಬಾಗಿಲಿಗೂ ನಾಚಿಕೆ ಸ್ವಲ್ಪ ಕಡಿಮೆಯಾಯಿತು, ಉಚ್ಚಾರ ಸ್ವಲ್ಪ ಸುಧಾರಿಸಿತು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಇಪ್ಪತ್ತೊಂದು ಮನೆ ಮುಗಿದಿದ್ದವು. ಉಳಿದದ್ದು ಕೆಳಮನೆ.

ಅಲ್ಲಿಗೆ ಎಲ್ಲರೂ ಹೋದರು. ಬಾಗಿಲು ತೆರೆಯಿತು. ಮೆಕ್ಯಾನಿಕ್ ಉಸಿರು ಎಳೆದುಕೊಂಡು ತನ್ನ ಮಾತನ್ನು ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ, ಒಂದು ಕಡೆ ತಡವರಿಸಲಿಲ್ಲ. ಆ ಊರಿನ ರೇಡಿಯೋದವರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲವೇನೋ.

ಆಕೆಯ ಮುಖ ಕೆಂಪಾಯಿತು. ಮಗಳು ಹೆದರಿಕೊಂಡೇ ಕನ್ನಡಕ್ಕೆ ತಂದಳು: "ಇಷ್ಟು ಶುದ್ಧವಾಗಿ ಮಾತಾಡೋರಿಗೆ ಓದೋಕೆ ಬರಲ್ವಾ ಅಂತ ಕೇಳ್ತಿದ್ದಾರೆ. ಮೂವತ್ತೆರಡು ವರ್ಷ ಸುಳ್ಳು ಹೇಳಿಕೆಗಳನ್ನೇ ಟೈಪ್ ಮಾಡಿದ್ದಾರಂತೆ, ಇಂಥಾ ಸುಳ್ಳು ನೋಡಿಲ್ವಂತೆ."

ಮೆಕ್ಯಾನಿಕ್ ಕಂಗಾಲಾದ. ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಇನ್ನೂ ಚೆನ್ನಾಗಿ ಬಂತು. ಆಕೆಗೆ ಇನ್ನೂ ಸಿಟ್ಟು ಬಂತು. ಒಳಗೆ ಹೋಗಿ ಮೇಜಿನ ಮೇಲಿದ್ದ ಒಂದು ಕಾಗದ ತಂದು ಅವನ ಕೈಗೆ ತುರುಕಿ, ಇದೇನು ಹೇಳು ಎಂಬಂತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ಕೈಯಲ್ಲೊಂದು ಕಾಗದ. ಸುತ್ತ ಹೆಂಡತಿ, ಮಕ್ಕಳು, ಅತ್ತೆ, ಎಲ್ಲರ ಕಣ್ಣೂ ಅವನ ಮೇಲೆ. ಅವನು ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಮಾಡಿತು. ಕನ್ನಡಕ ಹಾಕಿಕೊಂಡ. ಕಾಗದವನ್ನು ಬೆಳಕಿಗೆ ಹಿಡಿದ. ಹ್ಞೂಂ ಎಂದ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಹ್ಞೂಂ ಎಂದ. "ಬಹಳ ಚೆನ್ನಾಗಿದೆ," ಎಂದು ಪೆನ್ನು ತೆಗೆದು ಕೆಳಗೆ ಸಹಿ ಜಡಿದ.

ಹೆಂಡತಿ ಹಣೆ ಚಚ್ಚಿಕೊಂಡಳು. ಕೆಳಮನೆಯಾಕೆ ಆ ಸಹಿಯನ್ನು ಬಗ್ಗಿ ನೋಡಿದರು. ಆಮೇಲೆ ಏನೋ ಹೇಳಿದರು.

"ಅಪ್ಪಾ, ಅದು ಹಲ್ಲಿನ ಡಾಕ್ಟರು ಕೊಟ್ಟ ಕಾಗದವಂತೆ. ಅವರ ದವಡೆ ಹಲ್ಲು ಕೀಳೋಕೆ ಒಪ್ಪಿಗೆ. ಈಗ ನಿನ್ನ ಹಲ್ಲು ಕೀಳಬಹುದಂತೆ."

ಆಕೆ ದವಡೆ ಹಿಡಿದುಕೊಂಡು ನಗತೊಡಗಿದರು. ನೋಯುತ್ತಿತ್ತು, ಆದರೂ ನಗು ನಿಲ್ಲಲಿಲ್ಲ. ನಕ್ಕು ಮುಗಿದ ಮೇಲೆ ಮುಖ ಗಂಭೀರ ಮಾಡಿಕೊಂಡು ಮೇಲೆ ಕೈ ತೋರಿಸಿದರು. ಓದಲು ಬರದಿದ್ದರೆ ಸರಿ, ಸದ್ದು ಮಾತ್ರ ಸುಳ್ಳಲ್ಲವಲ್ಲ. ಎಲ್ಲರೂ ಮೆಟ್ಟಿಲು ಹತ್ತಿದರು.

ಆಕೆ ಮೇಜು ನೋಡಿದರು. ಗೋಡೆಗೆ ಒರಗಿಸಿದ ಮಡಿಸುವ ಮಂಚಗಳನ್ನು ಎಣಿಸಿದರು, ಜನರನ್ನು ಎಣಿಸಿದರು. ಐದು ಬೆರಳು ತೋರಿಸಿ, ಇಷ್ಟರಲ್ಲೇ ಐದು ಜನ ಮಲಗುತ್ತೀರಾ ಎಂಬಂತೆ ಹೆಂಡತಿಯ ಮುಖ ನೋಡಿದರು. ಹೆಂಡತಿ ತಲೆಯಾಡಿಸಿದಳು. ಬಂದ ಮೂರು ತಿಂಗಳಲ್ಲಿ ಇದನ್ನು ಯಾರೂ ಅವಳ ಹತ್ತಿರ ಕೇಳಿರಲಿಲ್ಲ, ಅವಳಿಗೆ ಅಳು ಬಂತು. ಆಕೆ ಅವಳ ಭುಜದ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಮೆಕ್ಯಾನಿಕ್ ಮೊದಲ ಬಾರಿಗೆ ತನಗೆ ನಿಜವಾಗಿ ಗೊತ್ತಿದ್ದ ಕೆಲಸಕ್ಕೆ ಇಳಿದ. ತನ್ನ ಕೆಲಸದ ಚೀಲದಿಂದ ದಪ್ಪ ರಬ್ಬರಿನ ನಾಲ್ಕು ಪುಟ್ಟ ಗಾಲಿ ತೆಗೆದು, ಕ್ರೋಬಾರಿನಿಂದ ಒಂದೊಂದೇ ಕಾಲು ಮೀಟಿ ಕೆಳಗೆ ಕೂರಿಸಿದ. ಆಮೇಲೆ ಮೇಜನ್ನು ಎಳೆದ. ಬೆಕ್ಕು ನಡೆದಷ್ಟೂ ಸದ್ದಾಗಲಿಲ್ಲ. ಆಕೆ ಸಹಿ ಹಾಕಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ಅವನು ಓಡಿದ ರಭಸಕ್ಕೆ ಲಿಫ್ಟಿಗೂ ಕಾಯಲಿಲ್ಲ. ಮ್ಯಾನೇಜರ್ ಕಾಗದ ತೆಗೆದುಕೊಂಡ, ಇಪ್ಪತ್ತೆರಡೂ ಎಣಿಸಿದ, ಮುದ್ರೆ ಒತ್ತಿದ. ಮನೆ ಉಳಿಯಿತು.

ಅವನು ಏದುಸಿರು ಬಿಡುತ್ತ ವಾಪಸ್ ಬಂದಾಗ ಕೆಳಮನೆಯಾಕೆ ಇನ್ನೂ ಅಲ್ಲೇ ಮೇಜಿನ ಮುಂದೆ ಕೂತು ಟೀ ಕುಡಿಯುತ್ತಿದ್ದರು. ಎಲ್ಲರ ಮುಖದಲ್ಲೂ ಗೆಲುವಿತ್ತು. ಅತ್ತೆಯ ಮುಖದಲ್ಲಿ ಮಾತ್ರ ಇರಲಿಲ್ಲ.

"ಅಳಿಯಂದಿರೇ, ಒಂದ್ ಮಾತು. ಬಂದು ಮೂರು ತಿಂಗಳಾಯ್ತು. ಇದೊಂದು ಬಿಟ್ಟು ಇನ್ನೇನೇನಕ್ಕೆ ಸಹಿ ಹಾಕಿದ್ದೀರಿ?"

ಅತ್ತೆ ಎದ್ದು ಹೋಗಿ ಒಂದು ಕಟ್ಟು ಕಾಗದ ತಂದು ಕೆಳಮನೆಯಾಕೆಯ ಮುಂದಿಟ್ಟರು. ಆಕೆ ಒಂದೊಂದೇ ತೆಗೆದು ಓದಿದರು, ಮಗಳು ಹೇಳುತ್ತ ಹೋದಳು. ಒಂದು, ಇವರ ಮನೆಯಲ್ಲಿಲ್ಲದ ನಾಯಿಗೆ ಚುಚ್ಚುಮದ್ದು ಹಾಕಿಸುತ್ತೇವೆಂಬ ಮುಚ್ಚಳಿಕೆ. ಇನ್ನೊಂದು, ಚಳಿಗಾಲವಿಡೀ ಕಟ್ಟಡದ ಮುಂದಿನ ಮೆಟ್ಟಿಲು ತೊಳೆಯುವ ಕೆಲಸಕ್ಕೆ ಸಂತೋಷದಿಂದ ಹೆಸರು ಕೊಟ್ಟದ್ದು. ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಮೂರನೆಯದು ಶಾಲೆಯಿಂದ ಬಂದದ್ದು. ಅದನ್ನು ಓದಿ ಕೆಳಮನೆಯಾಕೆ ಟೀ ಲೋಟ ಕೆಳಗಿಟ್ಟು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಜ್ಜಿ," ಎಂದಳು ಮಗಳು. "ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆ ಶಾಲೆಯ ಈಜುಕೊಳದಲ್ಲಿ ಅಜ್ಜಿಯಂದಿರ ಈಜು ಸ್ಪರ್ಧೆ. ಅದರಲ್ಲಿ ನಿನ್ನ ಹೆಸರಿದೆ."

ಅತ್ತೆ ಹುಟ್ಟಿದಾರಭ್ಯ ಬಕೆಟ್ಟಿಗಿಂತ ದೊಡ್ಡ ನೀರಿಗೆ ಇಳಿದವರಲ್ಲ. ಮೆಕ್ಯಾನಿಕ್ ಒಂದು ಹೆಜ್ಜೆ ಬಾಗಿಲ ಕಡೆಗೆ ಸರಿದ. ಅತ್ತೆ ಅವನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ, ಆ ಸಹಿಯನ್ನೊಮ್ಮೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆಳ ಎಷ್ಟು ಅಂತ ಕೇಳು ಪುಟ್ಟಿ," ಎಂದರು.